ಎಂಜಿನ್ ನಿಂತಿದೆ, ವಿಮಾನ ಇನ್ನೂ ಹಾರ್ತಿದೆ

ಕಳೆದ ಸೆಮಿಸ್ಟರ್‌ನ ಒಂದು ಶನಿವಾರ ರಾತ್ರಿ. ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ಕು ಜನ ಒಂದು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆವು. ಸೀನಿಯರ್ ಒಬ್ಬರು ಬಿಟ್ಟುಹೋದ ಹಳೇ ಜಾಯ್‌ಸ್ಟಿಕ್ಕು, ಒಂದು ಫ್ಲೈಟ್ ಸಿಮ್ಯುಲೇಟರ್, ಅದರಲ್ಲೊಂದು ಸೆಸ್ನಾ 172. ನೆಲದಿಂದ ಮೂರು ಸಾವಿರ ಅಡಿ ಮೇಲೆ ಆರಾಮಾಗಿ ಹೋಗ್ತಿದ್ದಾಗ ನಮ್ಮಲ್ಲೇ ಒಬ್ಬ ಹೇಳದೆ ಕೇಳದೆ ಮೆನುವಿಗೆ ಹೋಗಿ ಎಂಜಿನ್ ಫೇಲ್ ಮಾಡಿಬಿಟ್ಟ. ಸದ್ದು ನಿಂತಿತು.

"ಫ್ಯೂಯಲ್ ನೋಡೋ!"
"ಇದೆ ಮಗಾ, ಅರ್ಧ ಟ್ಯಾಂಕ್ ಇದೆ."
"ಹಾಗಾದ್ರೆ ಇಗ್ನಿಷನ್ನೇ."
"ಆಯಿಲ್ ಪ್ರೆಶರ್ ಎಷ್ಟು ತೋರಿಸ್ತಿದೆ ನೋಡು ಮೊದ್ಲು."

ಇಬ್ಬರು ಮೆಕ್ಯಾನಿಕಲ್, ಒಬ್ಬ ಇ ಅಂಡ್ ಸಿ, ಒಬ್ಬ ಏರೋ. ನಾಲ್ಕೂ ತಲೆ ಮೀಟರುಗಳ ಮೇಲೆ ಬಗ್ಗಿದ್ದವು. ಕಿಟಕಿಯಾಚೆ ನೋಡುತ್ತಿದ್ದವರು ಯಾರೂ ಇಲ್ಲ. ಎತ್ತರ ಕಳೆದುಹೋಗ್ತಿದೆ ಅಂತ ಜಾಯ್‌ಸ್ಟಿಕ್ ಹಿಡಿದವನು ತನಗೇ ಗೊತ್ತಿಲ್ಲದೆ ಅದನ್ನ ಹಿಂದಕ್ಕೆ ಎಳೆಯುತ್ತಲೇ ಇದ್ದ. ಮೂತಿ ಮೇಲಾಯಿತು, ವೇಗ ಇಳಿಯಿತು, ಒಂದು ರೆಕ್ಕೆ ಕುಸಿಯಿತು, ವಿಮಾನ ಗಿರಗಿರ ತಿರುಗಿ ನೆಲಕ್ಕೆ ಬಿತ್ತು. ಜೋರಾಗಿ ನಕ್ಕೆವು. ಎರಡನೇ ಸಲವೂ ಹಾಗೇ ಬಿದ್ದೆವು. ಮೂರನೇ ಸಲ ಯಾರೂ ನಗಲಿಲ್ಲ. ಎಂಜಿನ್ ಬಗ್ಗೆ ಏನೂ ಗೊತ್ತಿಲ್ಲದವನಾಗಿದ್ದರೆ ಬಹುಶಃ ಕಿಟಕಿಯ ಹೊರಗಾದರೂ ನೋಡುತ್ತಿದ್ದ. ನಮಗೆ ಎಂಜಿನ್ ಗೊತ್ತಿತ್ತು, ಅದಕ್ಕೇ ಬಿದ್ದೆವು.

ಅವತ್ತಿನಿಂದ ಖಾಸಗಿ ಪೈಲಟ್‌ಗಳ ತರಬೇತಿ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇವೆ. ಓದಿದ ಮೇಲೆ ನಮಗೆ ಬಂದಿರುವ ಅಭಿಪ್ರಾಯ ಇದು: ಯಂತ್ರ ಕೈಕೊಟ್ಟಾಗ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದನ್ನು ಪೈಲಟ್‌ಗೆ ಮೊದಲ ತಿಂಗಳುಗಳಲ್ಲೇ ಕಲಿಸಿಬಿಡುತ್ತಾರೆ. ನಮಗೆ ನಾಲ್ಕು ವರ್ಷದಲ್ಲಿ ಒಂದು ಸಲವೂ ಕಲಿಸುವುದಿಲ್ಲ. ಇನ್ನೂ ಕಷ್ಟದ ವಿಷಯ ಅಂದ್ರೆ, ನಾವು ಕಲಿಯುತ್ತಿರುವುದು ಸರಿಯಾಗಿ ಅದರ ಉಲ್ಟಾ.

ಎತ್ತರವೇ ಉಳಿದಿರುವ ಇಂಧನ

ಎಂಜಿನ್ ನಿಂತರೆ ವಿಮಾನ ಕಲ್ಲಿನ ಹಾಗೆ ಬೀಳುತ್ತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ವಿಮಾನವನ್ನು ಎತ್ತಿಹಿಡಿಯುವುದು ರೆಕ್ಕೆ. ರೆಕ್ಕೆಗೆ ಬೇಕಾದದ್ದು ಅದರ ಮೇಲೆ ಹರಿಯುವ ಗಾಳಿ. ಎಂಜಿನ್ ಇದ್ದಾಗ ಆ ವೇಗವನ್ನು ಎಂಜಿನ್ ಕೊಡುತ್ತೆ. ಇಲ್ಲದಾಗ ಎತ್ತರವನ್ನು ಸ್ವಲ್ಪ ಸ್ವಲ್ಪವೇ ಖರ್ಚು ಮಾಡಿ ವೇಗ ಕೊಂಡುಕೊಳ್ಳಬೇಕು. ಸೆಸ್ನಾ 172ರಲ್ಲಿ ಒಂದು ಅಡಿ ಇಳಿದರೆ ಹೆಚ್ಚುಕಡಿಮೆ ಒಂಬತ್ತು ಅಡಿ ಮುಂದೆ ಹೋಗಬಹುದು. ಏರೋದವರಿಗೆ ಇದು ಲಿಫ್ಟ್-ಡ್ರ್ಯಾಗ್ ಅನುಪಾತ ಅಂತ ಪರೀಕ್ಷೆಗೆ ಬರುವ ಸಂಖ್ಯೆ, ಪೈಲಟ್‌ಗೆ ಅದೇ ಆಯುಸ್ಸು.

ಲೆಕ್ಕ ಹಾಕಿ ನೋಡಿ. ಮೂರು ಸಾವಿರ ಅಡಿಯಿಂದ ಗಾಳಿಯಿಲ್ಲದ ದಿನ ಸುಮಾರು 8 ಕಿಲೋಮೀಟರ್ ಜಾರಬಹುದು. ಇದಕ್ಕೆ ಬೇಕಾದ ವೇಗ ಸುಮಾರು 65 ನಾಟ್, ಅಂದರೆ ಗಂಟೆಗೆ 120 ಕಿಲೋಮೀಟರ್. ಸಮಯ ನಾಲ್ಕು ನಿಮಿಷ. ನಮ್ಮ ಕ್ಯಾಂಟೀನಿನಲ್ಲಿ ಆರ್ಡರ್ ಕೊಟ್ಟ ದೋಸೆ ಬರೋಕೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು.

ಇಲ್ಲೊಂದು ಕಿಲಾಡಿತನ ಇದೆ. ಆ ವೇಗಕ್ಕಿಂತ ನಿಧಾನವಾದರೂ ದೂರ ಕಡಿಮೆಯಾಗುತ್ತೆ, ಜೋರಾದರೂ ಕಡಿಮೆಯಾಗುತ್ತೆ. ಇನ್ನೇನು ಆ ಬಯಲು ಸಿಗ್ತು, ಸ್ವಲ್ಪ ಮೂತಿ ಎತ್ತಿದರೆ ತಲುಪಿಬಿಡ್ತೀವಿ ಅಂತ ಅನ್ನಿಸುವಾಗ ಎತ್ತಿದರೆ ತಲುಪುವುದಿಲ್ಲ. ಜಾಸ್ತಿ ಎತ್ತಿದರೆ ನಾವು ಅವತ್ತು ರಾತ್ರಿ ಬಿದ್ದ ಹಾಗೆ ಬೀಳುತ್ತೇವೆ. ಕೈ ಹೇಳುವುದೊಂದು, ರೆಕ್ಕೆ ಕೇಳುವುದೊಂದು. ಹಾಗಾಗಿ ಎಂಜಿನ್ ನಿಂತ ಕೂಡಲೇ ಪೈಲಟ್‌ನ ಮೊದಲ ಕೆಲಸ ಎಂಜಿನ್‌ಗೆ ಸಂಬಂಧಪಟ್ಟದ್ದೇ ಅಲ್ಲ. ಮೂತಿ ಇಳಿಸಿ ಆ ವೇಗ ಹಿಡಿಯಬೇಕು, ಟ್ರಿಮ್ ಮಾಡಿ ಅಲ್ಲೇ ನಿಲ್ಲಿಸಬೇಕು.

ವೇಗ, ಜಾಗ, ಆಮೇಲೆ ಜಾತಕ

ಇಂಗ್ಲಿಷಿನಲ್ಲಿ ಇದನ್ನು ಎ, ಬಿ, ಸಿ ಅಂತ ನೆನಪಿಡಿಸುತ್ತಾರೆ. ಎ ಅಂದರೆ ಏರ್‌ಸ್ಪೀಡ್, ಬಿ ಅಂದರೆ ಇಳಿಯಲು ಬೆಸ್ಟ್ ಜಾಗ, ಸಿ ಅಂದರೆ ಚೆಕ್‌ಲಿಸ್ಟ್. ನಮ್ಮ ರೂಮಿನಲ್ಲಿ ಇದಕ್ಕೆ ಕನ್ನಡದ ರೂಪ ಹುಟ್ಟಿಕೊಂಡಿದೆ: ವೇಗ, ಜಾಗ, ಜಾತಕ. ಎಂಜಿನ್ನಿನ ಜಾತಕ ನೋಡುವುದು ಮೂರನೇ ಕೆಲಸ.

ಜಾಗ ಅಂದರೆ ಇಳಿಯುವ ಜಾಗ. ರನ್‌ವೇ ಸಿಕ್ಕರೆ ಸರಿ, ಸಿಗದಿದ್ದರೆ ಹೊಲ. ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ಹೊಗೆ ನೋಡಿ, ಕೆರೆಯ ನೀರಿನ ಮೇಲಿನ ಅಲೆ ನೋಡಿ ತಿಳಿದುಕೊಳ್ಳಬೇಕು. ಉಳುಮೆಯ ಸಾಲಿಗೆ ಅಡ್ಡಡ್ಡ ಇಳಿಯಬಾರದು, ಸಾಲಿನ ಉದ್ದಕ್ಕೇ ಇಳಿಯಬೇಕು. ಕರೆಂಟ್ ತಂತಿ ಮೇಲಿನಿಂದ ಕಾಣುವುದಿಲ್ಲ, ಅದಕ್ಕೆ ಕಂಬಗಳನ್ನು ಹುಡುಕಬೇಕು. ನಮ್ಮೂರ ಕಡೆಯ ಅಡಿಕೆ ತೋಟ ಮೇಲಿನಿಂದ ಮೆತ್ತನೆ ಹಸಿರು ಹಾಸಿಗೆಯ ಹಾಗೆ ಕಾಣಬಹುದು, ಇಳಿಯೋಕೆ ಹೋದರೆ ಅದು ಕಂಬಗಳ ಕಾಡು. ರಾಗಿ ಕಟಾವಾದ ಬಯಲು ಎಷ್ಟೋ ವಾಸಿ.

ವೇಗ ಹಿಡಿದು, ಜಾಗ ಆರಿಸಿ, ಆ ಕಡೆಗೆ ತಿರುಗಿದ ಮೇಲೆ ಸಮಯ ಉಳಿದಿದ್ದರೆ ಎಂಜಿನ್ ಕಡೆ ನೋಡು ಅನ್ನುತ್ತೆ ಪಾಠ. ಅಲ್ಲೂ ತಲೆ ಓಡಿಸುತ್ತ ಕೂರುವ ಹಾಗಿಲ್ಲ. ಕಾರ್ಬ್ಯುರೇಟರ್ ಇರುವ ಹಳೆಯ 172ಗಳಲ್ಲಿ ಕ್ರಮ ಹೆಚ್ಚುಕಡಿಮೆ ಹೀಗಿದೆ: ಕಾರ್ಬ್ಯುರೇಟರ್ ಹೀಟ್ ಆನ್, ಫ್ಯೂಯಲ್ ಸೆಲೆಕ್ಟರ್ ಎರಡೂ ಟ್ಯಾಂಕಿಗೆ, ಮಿಕ್ಸ್ಚರ್ ರಿಚ್, ಇಗ್ನಿಷನ್ ಎರಡೂ ಮ್ಯಾಗ್ನೆಟೋಗೆ, ಪ್ರೈಮರ್ ಒಳಗೆ ಒತ್ತಿ ಲಾಕ್. ಅಷ್ಟೇ. ಇಂಧನ, ಗಾಳಿ, ಕಿಡಿ: ನಾವು ಐಸಿ ಎಂಜಿನ್ ಪೇಪರಿಗೆ ಓದುವ ಮೂರೇ ವಿಷಯ. ಪಟ್ಟಿ ಬರೆದವರು ನೆಲದ ಮೇಲೆ ಕೂತು ನಿಧಾನವಾಗಿ ಯೋಚಿಸಿದ್ದಾರೆ, ಮೇಲಿರುವವನು ಯೋಚಿಸಬೇಕಾಗಿ ಬರದಿರಲಿ ಅಂತ.

ಆ ಪಟ್ಟಿಯ ಮೊದಲ ಸಾಲಿನಲ್ಲಿ ನಮಗೆ ಬಹಳ ಹಿಡಿಸಿದ ವಿಷಯವೊಂದಿದೆ. ಕಾರ್ಬ್ಯುರೇಟರಿನ ಇಕ್ಕಟ್ಟಿನಲ್ಲಿ ಗಾಳಿಯ ಒತ್ತಡ ಇಳಿದು, ಪೆಟ್ರೋಲ್ ಆವಿಯಾಗುವಾಗ ತಾಪಮಾನ 30 ಡಿಗ್ರಿಗೂ ಹೆಚ್ಚು ಬೀಳಬಹುದು. ಹೊರಗೆ 20 ಡಿಗ್ರಿಯ ಹಿತವಾದ ಹವೆಯಿದ್ದು, ತೇವ ಜಾಸ್ತಿ ಇದ್ದರೆ ಒಳಗೆ ಮಂಜುಗಡ್ಡೆ ಕಟ್ಟುತ್ತೆ. ಬಿಸಿಗಾಳಿ ಬಿಟ್ಟಾಗ ಆ ಮಂಜು ಕರಗಿ ನೀರಾಗಿ ಎಂಜಿನ್ನಿನೊಳಗೇ ಹೋಗುತ್ತೆ. ಆಗ ಎಂಜಿನ್ ಇನ್ನಷ್ಟು ಕೆಮ್ಮುತ್ತೆ, ಅದುರುತ್ತೆ. "ಅಯ್ಯೋ, ಇನ್ನೂ ಕೆಡಿಸಿಬಿಟ್ಟೆ" ಅಂತ ಹೆದರಿ ಹೀಟ್ ಆಫ್ ಮಾಡಿದವನು ತನ್ನ ಔಷಧಿಯನ್ನು ತಾನೇ ಕಿತ್ತುಕೊಂಡ ಹಾಗೆ. ಸರಿಹೋಗುವ ಮುಂಚೆ ಹೆಚ್ಚಾಗುತ್ತೆ ಅಂತ ಮೊದಲೇ ಹೇಳಿಕೊಟ್ಟಿದ್ದರೆ ಮಾತ್ರ ಮನುಷ್ಯ ಆ ಹೊತ್ತಿನಲ್ಲಿ ಕೈ ಹಿಂದೆಗೆಯದೆ ಕಾಯಬಲ್ಲ.

ಎಂಜಿನ್ ಹತ್ತಲಿಲ್ಲವೋ, ರೇಡಿಯೋದಲ್ಲಿ ಮೂರು ಸಲ ಮೇಡೇ. ಆಮೇಲೆ ಇಳಿಯುವ ಸಿದ್ಧತೆ: ಇಂಧನ ಬಂದ್, ಇಗ್ನಿಷನ್ ಬಂದ್, ಕೊನೆಗೆ ಮಾಸ್ಟರ್ ಸ್ವಿಚ್ ಬಂದ್. ನೆಲ ಮುಟ್ಟುವ ಮುಂಚೆ ಬಾಗಿಲಿನ ಚಿಲಕ ತೆಗೆದಿಡಬೇಕು. ಯಾಕೆ ಗೊತ್ತಾ? ಬಡಿತಕ್ಕೆ ಚೌಕಟ್ಟು ಸೊಟ್ಟಗಾದರೆ ಬಾಗಿಲು ಸಿಕ್ಕಿಕೊಳ್ಳುತ್ತೆ, ಒಳಗಿದ್ದವರು ಹೊರಬರೋಕಾಗಲ್ಲ. ವಿಮಾನ ಇನ್ನೂ ಗಾಳಿಯಲ್ಲಿದೆ, ಪೈಲಟ್ ಆಗಲೇ ಅದನ್ನ ಮನಸ್ಸಿನಲ್ಲಿ ಬಿಟ್ಟುಕೊಟ್ಟು ಜನರ ಬಗ್ಗೆ ಯೋಚಿಸ್ತಿದ್ದಾನೆ.

ವಿಮಾನ ಉಳಿಸುವ ಆಸೆ

ನಮ್ಮ ಅಭಿಪ್ರಾಯದ ಮುಖ್ಯ ಭಾಗ ಇಲ್ಲಿದೆ. ಅಮೆರಿಕದ ವಿಮಾನಯಾನ ಆಡಳಿತ ಪೈಲಟ್‌ಗಳಿಗಾಗಿ ಹೊರತಂದಿರುವ 'ಏರ್‌ಪ್ಲೇನ್ ಫ್ಲೈಯಿಂಗ್ ಹ್ಯಾಂಡ್‌ಬುಕ್'ನಲ್ಲಿ, ತುರ್ತು ಇಳಿಕೆಯಲ್ಲಿ ಪೈಲಟ್‌ನ ಮನಸ್ಸೇ ಒಡ್ಡುವ ಅಪಾಯಗಳನ್ನು ಹೇಳಿದ್ದಾರೆ. ಒಂದು, ಇದು ತುರ್ತು ಪರಿಸ್ಥಿತಿ ಅಂತ ಒಪ್ಪಿಕೊಳ್ಳದೇ ಇರುವುದು. ಇನ್ನೊಂದು, ವಿಮಾನವನ್ನು ಉಳಿಸುವ ಆಸೆ. ಮತ್ತೊಂದು, ಪೆಟ್ಟಾಗುತ್ತೆ ಅನ್ನುವ ಅತಿಯಾದ ಭಯ.

ಮೂರರಲ್ಲಿ ಎರಡನೆಯದು ನಮ್ಮಂಥವರಿಗೇ ಬರೆದ ಹಾಗಿದೆ. ಯಂತ್ರ ಪ್ರೀತಿಸುವವನು ಯಂತ್ರಕ್ಕೆ ಗೀರು ಬೀಳಬಾರದು ಅಂತ ಬಯಸುತ್ತಾನೆ. ಎದುರಿಗಿರುವ ಉಬ್ಬುತಗ್ಗಿನ ಹೊಲ ಬಿಟ್ಟು ದೂರದ ರನ್‌ವೇಗೆ ಆಸೆಪಡುತ್ತಾನೆ. ಹ್ಯಾಂಡ್‌ಬುಕ್ ಹೇಳುವುದು ಬೇರೆ: ಚಕ್ರ, ರೆಕ್ಕೆ ಹೋದರೆ ಹೋಗಲಿ, ಕೂತಿರುವ ಭಾಗ ಉಳಿಯಲಿ. ಅವು ಮುರಿದು ಶಕ್ತಿ ಹೀರಿಕೊಂಡರೆ ಒಳಗಿನವರಿಗೆ ಒಳ್ಳೆಯದೇ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿದ ವಿಮಾನ 9ಜಿ ಹಿಂಜರಿತದಲ್ಲಿ ನಿಲ್ಲಲು ಮೂರು ಮೀಟರ್ ಸಾಕು. 160 ಆದರೆ ಹನ್ನೊಂದು ಮೀಟರಿಗೂ ಹೆಚ್ಚು ಬೇಕು. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು, ಪಿಯುಸಿಯ ಸೂತ್ರ. ಹಾಗಾಗಿ ಗಾಳಿಗೆ ಎದುರಾಗಿ, ಆದಷ್ಟು ನಿಧಾನವಾಗಿ, ಹತೋಟಿ ಬಿಡದೆ ಕೆಟ್ಟ ಹೊಲದಲ್ಲಿ ಇಳಿದವನು ಬದುಕುತ್ತಾನೆ. ಒಳ್ಳೆಯ ರನ್‌ವೇಗೆ ಎಳೆದಾಡುತ್ತ ಹೋಗಿ ಹತೋಟಿ ಕಳೆದುಕೊಂಡವನು ಬದುಕುವುದು ಕಷ್ಟ.

ಟೇಕಾಫ್ ಆದ ಕೂಡಲೇ ಎಂಜಿನ್ ನಿಂತರೆ ಈ ಆಸೆ ಇನ್ನೂ ಜೋರು. ರನ್‌ವೇ ಈಗಷ್ಟೇ ಬಿಟ್ಟುಬಂದದ್ದು, ಬೆನ್ನ ಹಿಂದೆಯೇ ಇದೆ, ತಿರುಗಿದರೆ ಸಿಕ್ತು. ಆದರೆ 180 ಡಿಗ್ರಿ ತಿರುಗಿದರೆ ಸಾಲದು. ತಿರುಗುವಷ್ಟರಲ್ಲಿ ಪಕ್ಕಕ್ಕೆ ಸರಿದಿರುತ್ತೀರಿ, ಮತ್ತೆ ರನ್‌ವೇ ಸಾಲಿಗೆ ಬರಲು ಇನ್ನಷ್ಟು ತಿರುಗಬೇಕು. ಕಡಿಮೆ ಎತ್ತರದಲ್ಲಿ ಬೇಗ ತಿರುಗಬೇಕೆಂದರೆ ರೆಕ್ಕೆ ಜಾಸ್ತಿ ಓರೆ ಮಾಡಬೇಕು. 45 ಡಿಗ್ರಿ ಓರೆಯಲ್ಲಿ ಸ್ಟಾಲ್ ಆಗುವ ವೇಗ 19 ಶೇಕಡ ಏರುತ್ತೆ, 60 ಡಿಗ್ರಿಯಲ್ಲಿ 41 ಶೇಕಡ. ಸಣ್ಣ ವಿಮಾನದ ಪೈಲಟ್‌ಗಳು ಇದನ್ನು ಅಸಾಧ್ಯ ತಿರುವು ಅಂತಲೇ ಕರೆಯುತ್ತಾರೆ. ಸಾಕಷ್ಟು ಎತ್ತರವಿದ್ದರೆ ಸಾಧ್ಯ, ಆದರೆ ಎಷ್ಟು ಎತ್ತರಕ್ಕೆ ಸಾಧ್ಯ ಅನ್ನುವುದನ್ನು ಎಂಜಿನ್ ನಿಂತ ಮೇಲೆ ಲೆಕ್ಕ ಹಾಕೋಕಾಗಲ್ಲ. ಅದಕ್ಕೇ ಒಳ್ಳೆಯ ಪೈಲಟ್ ಟೇಕಾಫ್‌ಗೆ ಮುಂಚೆಯೇ ಬಾಯಿಬಿಟ್ಟು ಹೇಳಿಕೊಳ್ಳುತ್ತಾನೆ: ಇಷ್ಟು ಅಡಿಯೊಳಗೆ ನಿಂತರೆ ನೇರ ಮುಂದೆ ಇಳಿಯುತ್ತೇನೆ, ತಿರುಗಲ್ಲ.

ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ನಮಗೆಲ್ಲ ಇಂಡಿಯಾನಾ ಜೋನ್ಸ್ ಆಗಿ ಗೊತ್ತು. ಅವರು ಖಾಸಗಿ ಪೈಲಟ್ ಕೂಡ. 2015ರ ಮಾರ್ಚ್ 5ರಂದು ಎರಡನೇ ಮಹಾಯುದ್ಧ ಕಾಲದ ರಯಾನ್ ಪಿಟಿ-22 ತರಬೇತಿ ವಿಮಾನದಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಿಂದ ಒಬ್ಬರೇ ಮೇಲೇರಿದರು. ಸ್ವಲ್ಪ ಹೊತ್ತಿಗೇ ಎಂಜಿನ್ ಶಕ್ತಿ ಕಳೆದುಕೊಂಡಿತು. ಒಮ್ಮೆ ಸ್ಟಾರ್ಟ್ ಮಾಡಲು ನೋಡಿದರು, ವೇಗ ಬಿಡದೆ ಕಾಯ್ದುಕೊಂಡು ರನ್‌ವೇ ಕಡೆ ತಿರುಗಿದರು. ತಲುಪುವುದಿಲ್ಲ ಅಂತ ಗೊತ್ತಾದಾಗ ರನ್‌ವೇ ಆಸೆ ಬಿಟ್ಟು ಪಕ್ಕದ ಗಾಲ್ಫ್ ಮೈದಾನದಲ್ಲಿ ಇಳಿದರು. ವಿಮಾನ ಜಖಂ ಆಯಿತು, ಅವರಿಗೂ ಗಂಭೀರ ಪೆಟ್ಟಾಯಿತು, ಬದುಕಿದರು. ನೆಲದ ಮೇಲಿದ್ದ ಯಾರಿಗೂ ಏನೂ ಆಗಲಿಲ್ಲ.

ತನಿಖೆಯಲ್ಲಿ ಸಿಕ್ಕ ಕಾರಣ ನೋಡಿ: ಕಾರ್ಬ್ಯುರೇಟರಿನ ಮುಖ್ಯ ಜೆಟ್ ತನ್ನ ಜಾಗದಿಂದ ತಿರುಪು ಬಿಚ್ಚಿಕೊಂಡಿತ್ತು, ಅದರಿಂದ ಇಂಧನ ವಿಪರೀತ ಜಾಸ್ತಿ ಹೋಗಿ ಎಂಜಿನ್ ಸತ್ತಿತ್ತು. ಕಾಕ್‌ಪಿಟ್‌ನಲ್ಲಿ ಕೂತು ಜಗತ್ತಿನ ಅತಿ ಬುದ್ಧಿವಂತ ಎಂಜಿನಿಯರ್ ಕೂಡ ಆ ಜೆಟ್ಟನ್ನು ಬಿಗಿಮಾಡೋಕೆ ಆಗ್ತಿರಲಿಲ್ಲ. ಕಾರಣ ಹುಡುಕುತ್ತ ಕಳೆದ ಪ್ರತಿ ಸೆಕೆಂಡೂ ನಷ್ಟ. ಕಾರಣ ಹುಡುಕುವ ಕೆಲಸ ಆಮೇಲೆ, ನೆಲದ ಮೇಲೆ, ತನಿಖೆಯವರು ಮಾಡಿದರು. ಅದೇ ತನಿಖೆ ಇನ್ನೊಂದನ್ನೂ ಹೇಳಿತು: ಭುಜದ ಬೆಲ್ಟನ್ನು ಸರಿಯಾಗಿ ಅಳವಡಿಸಿರಲಿಲ್ಲ, ಪೆಟ್ಟು ಜಾಸ್ತಿಯಾಗೋಕೆ ಅದೂ ಕಾರಣ.

"ಆದ್ರೆ ಕಾರಣ ಹುಡುಕದಿದ್ರೆ ಎಂಜಿನಿಯರ್ ಯಾತಕ್ಕೆ?"

ನಮ್ಮ ಕ್ಲಾಸಿನಲ್ಲಿ ಈ ವಿಷಯ ಎತ್ತಿದಾಗ ಬಂದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ. ಫ್ಯೂಯಲ್ ಸೆಲೆಕ್ಟರ್ ತಿರುಗಿಸಿದರೆ ಹತ್ತುವ ಎಂಜಿನ್ನನ್ನು ಬಿಟ್ಟು ಹೊಲಕ್ಕೆ ಬಿದ್ದರೆ ಅದು ದಡ್ಡತನವೇ. ನಾವು ಹೇಳ್ತಿರೋದು ಕಾರಣ ಹುಡುಕಬೇಡಿ ಅಂತಲ್ಲ. ಹುಡುಕುವುದಕ್ಕೆ ಒಂದು ಹೊತ್ತಿದೆ ಅಂತ. ಆ ಹೊತ್ತು ಹೆಚ್ಚಾಗಿ ಹಾರುವ ಮುಂಚೆ ಇರುತ್ತೆ, ಇಲ್ಲವೇ ಇಳಿದ ಮೇಲೆ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2017ರಲ್ಲಿ ಸಣ್ಣ ವಿಮಾನಗಳ ಪೈಲಟ್‌ಗಳಿಗೆ ಒಂದು ಎಚ್ಚರಿಕೆ ಕೊಟ್ಟಿತು. ಇಂಧನ ನಿರ್ವಹಣೆಯಿಂದಾದ ಅಪಘಾತಗಳಲ್ಲಿ ಸುಮಾರು 95 ಶೇಕಡದಲ್ಲಿ ಮನುಷ್ಯನ ತಪ್ಪಿನ ಪಾಲಿತ್ತು. ಟ್ಯಾಂಕ್ ಖಾಲಿಯಾಗಿತ್ತು, ಇಲ್ಲವೇ ಒಂದು ಟ್ಯಾಂಕಿನಲ್ಲಿ ಇಂಧನ ಇದ್ದೂ ಸೆಲೆಕ್ಟರ್ ಇನ್ನೊಂದರ ಕಡೆಗಿತ್ತು. ಅದಕ್ಕೇ ಗೇಜ್ ನೋಡಿ ಸುಮ್ಮನಾಗದೆ, ರೆಕ್ಕೆಯ ಮೇಲೆ ಹತ್ತಿ ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡುತ್ತಾರೆ. ಕೆಳಗಿನಿಂದ ಸ್ವಲ್ಪ ಇಂಧನ ಲೋಟಕ್ಕೆ ಬಸಿದು ನೀರು ಸೇರಿದೆಯಾ ಅಂತ ಬೆಳಕಿಗೆ ಹಿಡಿಯುತ್ತಾರೆ. ಮೇಲೆ ಹೋಗಿ ಆತುರಪಡುವ ಕೆಲಸ ಕೆಳಗೇ ಮುಗಿಯಿತು.

ಎಂಜಿನಿಯರುಗಳ ಕೆಲಸ ಎಲ್ಲಿ ಅನ್ನೋದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಎರಡು ಸೀಟಿನ ತರಬೇತಿ ವಿಮಾನ ಹಂಸ-ಎನ್‌ಜಿ. 2022ರ ಮೇ 17ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ ಅದರ ಎಂಜಿನ್ನನ್ನು ಗಾಳಿಯಲ್ಲೇ ಬೇಕಂತಲೇ ನಿಲ್ಲಿಸಿ, ಮತ್ತೆ ಹೊತ್ತಿಸುವ ಪರೀಕ್ಷೆ ನಡೆಯಿತು. 7ರಿಂದ 8 ಸಾವಿರ ಅಡಿ ಎತ್ತರ, 60ರಿಂದ 70 ನಾಟ್ ವೇಗ, ವಾಯುಪಡೆಯ ಟೆಸ್ಟ್ ಪೈಲಟ್‌ಗಳು. ಪ್ರೊಪೆಲರ್ ಗಾಳಿಗೆ ತಿರುಗುತ್ತಿದ್ದಾಗ ವಿಮಾನ ಹೇಗೆ ಜಾರುತ್ತೆ, ಪೂರ್ತಿ ನಿಂತಾಗ ಹೇಗೆ ಜಾರುತ್ತೆ, ಎರಡನ್ನೂ ನೋಡಿದರು. ಮುಂದೆ ಇದೇ ವಿಮಾನದಲ್ಲಿ ಕಲಿಯುವ ಹುಡುಗಿಯೋ ಹುಡುಗನೋ ಎಂಜಿನ್ ನಿಂತಾಗ ಕೈಯಲ್ಲಿ ಹಿಡಿಯುವ ಪಟ್ಟಿಯ ಹಿಂದೆ ಇಂಥ ಪರೀಕ್ಷೆಗಳಿವೆ. ಕೆಡುವುದನ್ನು ತಾವಾಗಿಯೇ ಕೆಡಿಸಿ ನೋಡುವ ಧೈರ್ಯ, ನಮ್ಮ ಪ್ರಕಾರ, ಎಂಜಿನಿಯರಿಂಗಿನ ಅರ್ಧ ಭಾಗ.

ನಮ್ಮ ಲ್ಯಾಬ್ ಕಡೆ ಬನ್ನಿ

ನಮಗೆ ಆ ಅರ್ಧ ಭಾಗ ಸಿಗ್ತಿದೆಯಾ? ಮೋಟರ್ ಟ್ರಿಪ್ ಆದರೆ ಪಕ್ಕದ ಬೆಂಚಿಗೆ ಹೋಗುತ್ತೇವೆ. ರೀಡಿಂಗ್ ಹೊಂದದಿದ್ದರೆ ಹಿಂದಿನ ಬ್ಯಾಚಿನ ರೆಕಾರ್ಡ್ ಬುಕ್ ಇದ್ದೇ ಇದೆ. ಕೆಟ್ಟದ್ದನ್ನು ಮುಚ್ಚಿಡುವುದರಲ್ಲಿ ನಾವು ಪಳಗಿದ್ದೇವೆ, ಕೆಟ್ಟಾಗ ಏನು ಮಾಡಬೇಕು ಅನ್ನುವುದರಲ್ಲಿ ಅಲ್ಲ.

ಪ್ರಾಜೆಕ್ಟ್ ಡೆಮೋ ಹಿಂದಿನ ಸಂಜೆ ನಮ್ಮ ರೋಬಾಟ್‌ನ ಮೋಟರ್ ಡ್ರೈವರ್ ಬೋರ್ಡಿನಿಂದ ಹೊಗೆ ಬಂತು. ಅದರ ಪಕ್ಕದಲ್ಲೇ ಲಿಥಿಯಂ ಬ್ಯಾಟರಿ. ಯಾವ ಮಾಸ್ಫೆಟ್ ಶಾರ್ಟ್ ಆಗಿದೆ ಅಂತ ನಾವು ನಾಲ್ಕೂ ಜನ ಬಗ್ಗಿ ವಾದ ಮಾಡ್ತಿದ್ದೆವು. ಬ್ಯಾಟರಿ ಉಬ್ಬತೊಡಗಿತ್ತು. ನಾಳೆಯ ಡೆಮೋ ತಪ್ಪಿಹೋಗುತ್ತೆ ಅನ್ನೋದು ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ. ಬಂದು ಕನೆಕ್ಟರ್ ಕಿತ್ತವರು ಲ್ಯಾಬ್ ಅಟೆಂಡರ್ ಅಣ್ಣ. ಬ್ಯಾಟರಿಯನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ಮರಳಿನ ಬಕೆಟ್ಟಿಗೆ ಹಾಕಿ ಬಂದು, "ಏನ್ ನೋಡ್ತಾ ನಿಂತಿದೀರಪ್ಪಾ?" ಅಂದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಅದು ಒಪ್ಪಿಕೊಳ್ಳದಿರುವಿಕೆ, ಅದು ವಿಮಾನ ಉಳಿಸುವ ಆಸೆ, ಎರಡೂ ಒಟ್ಟಿಗೆ.

ನಮ್ಮ ದೇಶದಲ್ಲಿ 17 ವರ್ಷ ತುಂಬಿದವರು, ಕನಿಷ್ಠ 40 ಗಂಟೆ ಹಾರಾಟ ಮುಗಿಸಿ, ಪರೀಕ್ಷೆ ಪಾಸಾದರೆ ಖಾಸಗಿ ಪೈಲಟ್ ಲೈಸೆನ್ಸ್ ಪಡೆಯಬಹುದು. ನಮಗಿಂತ ಚಿಕ್ಕವರು! ಆ 40 ಗಂಟೆಗಳಲ್ಲೇ ಇನ್‌ಸ್ಟ್ರಕ್ಟರ್ ಇದ್ದಕ್ಕಿದ್ದಂತೆ ಥ್ರಾಟಲ್ ಎಳೆದು "ಎಂಜಿನ್ ಹೋಯ್ತು, ಈಗೇನ್ಮಾಡ್ತೀಯಾ?" ಅಂತ ಕೇಳಿರುತ್ತಾರೆ, ಒಂದು ಸಲವಲ್ಲ, ಹಲವು ಸಲ. ನಾಲ್ಕು ವರ್ಷ ಓದುವ ನಮ್ಮನ್ನು ಯಾರೂ ಹಾಗೆ ಕೇಳಿಲ್ಲ. ನಾಳೆ ನಮ್ಮಲ್ಲಿ ಯಾರೋ ಬಾಯ್ಲರ್ ಪಕ್ಕ ನಿಲ್ಲುತ್ತಾರೆ, ಯಾರೋ ಸಬ್‌ಸ್ಟೇಷನ್ನಿನಲ್ಲಿ, ಯಾರೋ ಆಸ್ಪತ್ರೆಯ ವೆಂಟಿಲೇಟರಿನ ಕೋಡ್ ಬರೆಯುತ್ತಾರೆ. ಮರಳಿನ ಬಕೆಟ್ ತೋರಿಸೋಕೆ ಅಲ್ಲೆಲ್ಲ ಅಟೆಂಡರ್ ಅಣ್ಣ ಬರುವುದಿಲ್ಲ.

ಹಾಗಾಗಿ ನಮ್ಮ ಮೇಷ್ಟ್ರುಗಳಲ್ಲಿ ಮೂರು ಬೇಡಿಕೆ. ಒಂದು, ಪ್ರತಿ ಲ್ಯಾಬಿನಲ್ಲೂ ಸೆಮಿಸ್ಟರಿಗೆ ಒಂದು ದಿನ ಕೆಡಿಸಿದ ಸೆಟಪ್ ಕೊಡಿ. ಫ್ಯೂಸ್ ತೆಗೆದಿಡಿ, ಒಂದು ಸೆನ್ಸರ್ ಸುಳ್ಳು ಹೇಳಲಿ, ನಡುವೆ ಸಪ್ಲೈ ಹೋಗಲಿ. ಎಷ್ಟು ಬೇಗ ಕಾರಣ ಹುಡುಕಿದೆವು ಅನ್ನೋದಕ್ಕಲ್ಲ, ಯಾವ ಕ್ರಮದಲ್ಲಿ ನಡೆದುಕೊಂಡೆವು ಅನ್ನೋದಕ್ಕೆ ಮಾರ್ಕ್ಸ್ ಕೊಡಿ. ಎರಡು, ಪ್ರತಿ ಬೆಂಚಿನ ಮೇಲೂ ಮೂರೇ ಸಾಲಿನ ಒಂದು ಕಾರ್ಡ್ ಇರಲಿ: ಮೊದಲು ಯಾವ ಸ್ವಿಚ್, ಆಮೇಲೆ ಎಲ್ಲಿ ನಿಲ್ಲಬೇಕು, ಆಮೇಲೆ ಯಾರನ್ನ ಕರೀಬೇಕು. ಬರೆಯುವ ಕೆಲಸ ನಮಗೇ ಕೊಡಿ, ಬರೆಯೋದೇ ಒಂದು ಪಾಠ. ಮೂರು, ಡೆಮೋ ನಿಲ್ಲಿಸಿ "ಇದು ಸುರಕ್ಷಿತ ಅಲ್ಲ, ಇವತ್ತು ತೋರಿಸಲ್ಲ" ಅಂದ ತಂಡಕ್ಕೆ ಮಾರ್ಕ್ಸ್ ಕಡಿಮೆ ಮಾಡಬೇಡಿ.

ಸಿಲಬಸ್ ತುಂಬಿದೆ, ಸಮಯ ಎಲ್ಲಿದೆ ಅಂತೀರಿ, ಗೊತ್ತು. ಮೊದಲ ಎರಡಕ್ಕೆ ಹೊಸ ಉಪಕರಣ ಬೇಕಿಲ್ಲ, ಒಂದು ಮಧ್ಯಾಹ್ನ ಬೇಕು. ಮೂರನೆಯದಕ್ಕೆ ಅದೂ ಬೇಡ.

ಅಂದ ಹಾಗೆ, ಶನಿವಾರದ ಆಟ ನಿಂತಿಲ್ಲ. ಈಗ ನಿಯಮ ಇದೆ: ಎಂಜಿನ್ ಯಾವಾಗ ನಿಲ್ಲುತ್ತೆ ಅಂತ ಹಾರಿಸುವವನಿಗೆ ಹೇಳುವಂತಿಲ್ಲ, ನಿಂತ ಕೂಡಲೇ ಅವನು ಜೋರಾಗಿ "ವೇಗ" ಅನ್ನಬೇಕು, ಆಮೇಲೆ "ಜಾಗ" ಅನ್ನುವವರೆಗೆ ಬೇರೆ ಯಾರೂ ಮೀಟರ್ ಕಡೆ ಬೆರಳು ತೋರಿಸುವಂತಿಲ್ಲ. ಹೋದ ವಾರ ನಮ್ಮ ಇ ಅಂಡ್ ಸಿ ಹುಡುಗ ಒಂದು ಬಯಲಿನಲ್ಲಿ ಇಳಿಸಿದ. ಮುಂದಿನ ಚಕ್ರ ಮುರಿಯಿತು, ಪ್ರೊಪೆಲರ್ ಸೊಟ್ಟಗಾಯಿತು, ವಿಮಾನ ಓರೆಯಾಗಿ ನಿಂತಿತು. ಚಪ್ಪಾಳೆ ಹೊಡೆದೆವು. ಎಂಜಿನ್ ಯಾಕೆ ನಿಂತಿತ್ತು ಅಂತ ಹತ್ತು ನಿಮಿಷ ಆದಮೇಲೆ ಒಬ್ಬನಿಗೆ ನೆನಪಾಗಿ ಕೇಳಿದ. ಜಾಯ್‌ಸ್ಟಿಕ್ ಇನ್ನೂ ಇದೆ, ಈ ಶನಿವಾರ ಊಟ ಮುಗಿಸಿ ಬನ್ನಿ.